ಒಂದೇ ಪಾಠ, ಮೂರು ರೂಪ: ವಾರದ ನಂತರ ತಲೆಯಲ್ಲಿ ಉಳಿದದ್ದು ಯಾವುದು?

ಹೃದಯದೊಳಗೆ ರಕ್ತ ಹೇಗೆ ಸುತ್ತುತ್ತದೆ ಅನ್ನುವ ಒಂದೇ ಪಾಠವನ್ನು ಮೂರು ಥರ ಮಾಡಿ, ಆನ್‌ಲೈನ್ ಕ್ಲಾಸಿನ ಮೂರು ಗುಂಪುಗಳಿಗೆ ಕೊಟ್ಟೆ. ಪಾಠ ಮುಗಿದ ತಕ್ಷಣ ಒಮ್ಮೆ, ಒಂದು ವಾರ ಬಿಟ್ಟು ಇನ್ನೊಮ್ಮೆ, ಖಾಲಿ ಚಿತ್ರ ಕೊಟ್ಟು ರಕ್ತದ ದಾರಿ ಗುರುತಿಸಲು ಹೇಳಿದೆ. ಗುಂಪುಗಳು ಚಿಕ್ಕವು, ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು.

ಮೊದಲನೆಯದು ಸ್ಲೈಡು ಓದುವ ವಿಡಿಯೋ. ಚಿತ್ರದ ಪಕ್ಕದಲ್ಲಿ ಸಾಲು ಸಾಲು ಬರಹ, ಅದನ್ನೇ ನಾನು ಓದುತ್ತೇನೆ. ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದು. ಆದರೆ ಕಣ್ಣು ನನ್ನ ದನಿಗಿಂತ ಮುಂದೆ ಓಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ, ಚಿತ್ರವನ್ನು ನೋಡುವವರೇ ಇಲ್ಲ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದನ್ನೇ ಹೇಳುತ್ತಾರೆ: ಚಿತ್ರ, ಮಾತು ಎರಡೂ ಇರುವಾಗ ಅದೇ ಮಾತನ್ನು ಪರದೆ ಮೇಲೆ ಬರೆದರೆ ಅದು ಹೊರೆಯಾಗುತ್ತದೆ. (ಕಿವಿ ಕೇಳದವರಿಗೆ, ಆ ಭಾಷೆ ಹೊಸದಾದವರಿಗೆ ಬರಹ ಬೇಕೇ ಬೇಕು. ಅದನ್ನು ಬೇಕಾದಾಗ ಹಾಕಿಕೊಳ್ಳುವಂತೆ ಇಟ್ಟರೆ ಸಾಕು.)

ಎರಡನೆಯದರಲ್ಲಿ ಬರಹ ತೆಗೆದೆ. ಚಿತ್ರ, ದನಿ ಮಾತ್ರ. ಹೆಸರುಗಳನ್ನು ಮೂಲೆಯ ಪಟ್ಟಿಯಲ್ಲಿ ಇಡದೆ ಆಯಾ ಭಾಗದ ಮೇಲೇ ಬರೆದೆ. ತುಂಡು ತುಂಡಾಗಿ ಕತ್ತರಿಸಿದೆ: ಮೊದಲು ನಾಲ್ಕು ಕೋಣೆಗಳ ಹೆಸರು, ಆಮೇಲೆ ಕವಾಟಗಳು, ಕೊನೆಗೆ ರಕ್ತದ ದಾರಿ. ನಮ್ಮ ವರ್ಕಿಂಗ್ ಮೆಮೊರಿ, ಅಂದರೆ ಈ ಕ್ಷಣ ತಲೆಯಲ್ಲಿ ಹಿಡಿದಿಟ್ಟುಕೊಂಡು ಯೋಚಿಸುವ ಜಾಗ, ತೀರಾ ಚಿಕ್ಕದು. ಅದರಲ್ಲಿ ಒಮ್ಮೆಗೆ ಹಿಡಿಸುವುದು ಸುಮಾರು ಏಳು ಅಂಶ ಎಂದು 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅಂದರು, 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ನಾಲ್ಕು ಕೋಣೆ, ನಾಲ್ಕು ಕವಾಟ ಒಟ್ಟಿಗೆ ಸುರಿದರೆ ಹೊಸಬರ ತಲೆ ತುಂಬಿಹೋಗುತ್ತೆ ಅಲ್ವಾ? ಎಲ್ಲರಿಗೂ ಜಾಸ್ತಿ ಇಷ್ಟವಾದದ್ದು ಇದೇ. ಆ ದಿನದ ಉತ್ತರಗಳೂ ಚೆನ್ನಾಗಿದ್ದವು.

ಮೂರನೆಯದು ಎರಡನೆಯದರಂತೆಯೇ, ಆದರೆ ಪ್ರತಿ ತುಂಡಿನ ನಂತರ ವಿಡಿಯೋ ನಿಲ್ಲುತ್ತದೆ. ಖಾಲಿ ಚಿತ್ರ ಬರುತ್ತದೆ, ನೋಡದೆ ಬರೆಯಬೇಕು. ಸರಿ ಉತ್ತರ ಆಮೇಲೆ ಕಾಣುತ್ತದೆ. ಮೊದಲು ನಾಲ್ಕು ಆಯ್ಕೆ ಕೊಟ್ಟಿದ್ದೆ, ಅದು ತಪ್ಪಾಯಿತು. ಹೆಸರು ನೋಡಿ ಗುರುತು ಹಿಡಿಯುವುದೇ ಬೇರೆ, ತಲೆಯಿಂದ ಹೊರಗೆ ತೆಗೆಯುವುದೇ ಬೇರೆ. ಖಾಲಿ ಬಿಟ್ಟ ಮೇಲೆ ನಿಜವಾದ ಗೊಂದಲಗಳು ಹೊರಬಂದವು. ಅಪಧಮನಿ (ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳ) ಅಂದರೆ ಅದರಲ್ಲಿ ಯಾವಾಗಲೂ ಆಮ್ಲಜನಕ ತುಂಬಿದ ರಕ್ತ ಎಂದೇ ಹಲವರು ನಂಬಿದ್ದರು. ಆದರೆ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ತಾವೇ ತಪ್ಪು ಬರೆದು, ತಕ್ಷಣ ತಿದ್ದಿಕೊಂಡವರು ಅದನ್ನು ಮತ್ತೆ ಮರೆಯಲಿಲ್ಲ.

"ಇದು ಕಷ್ಟ, ಸುಮ್ನೆ ಇನ್ನೊಂದು ಸಲ ನೋಡಿದರೆ ಸಾಲದಾ?" ಎಂದು ಕೇಳಿದವರಿದ್ದರು. ವಾರದ ನಂತರ ದಾರಿಯನ್ನು ಪೂರ್ತಿ ಬರೆದವರು ಹೆಚ್ಚಾಗಿ ಈ ಗುಂಪಿನವರೇ. ಎರಡನೆಯ ಗುಂಪಿಗೆ ಕೋಣೆಗಳು ನೆನಪಿದ್ದವು, ಕ್ರಮ ತಪ್ಪಿತ್ತು. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗವೂ ಹೀಗೇ ಇದೆ. ಕಲಿತ 5 ನಿಮಿಷಕ್ಕೇ ನೆನಪು ಅಳೆದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದಿದ್ದರು. 2 ದಿನ, 1 ವಾರ ಕಳೆದಾಗ ಪರೀಕ್ಷೆ ಬರೆದು ಕಲಿತವರು ಮುಂದೆ. ಮತ್ತೆ ಮತ್ತೆ ಓದಿದವರಿಗೆ ತಮಗೆ ನೆನಪಿರುತ್ತದೆ ಎಂಬ ನಂಬಿಕೆ ಮಾತ್ರ ಜಾಸ್ತಿ ಇತ್ತು.

ಆದ್ದರಿಂದ ಪಾಠ ಇಷ್ಟವಾಯಿತಾ ಎಂದು ಕೇಳಿ ರೂಪ ಆರಿಸುವುದನ್ನು ಬಿಟ್ಟಿದ್ದೇನೆ. ಸಮಯ ಕಡಿಮೆ ಇದ್ದರೆ ವಿಡಿಯೋನೇ ಬೇಡ, ಹೆಸರು ಬರೆದ ಒಂದು ಚಿತ್ರ ಮತ್ತು ಖಾಲಿ ಚಿತ್ರ ಕೊಡುತ್ತೇನೆ. ಹಳೆಯ ಸ್ಲೈಡು ಪಾಠಗಳನ್ನು ಈಗ ಒಂದೊಂದಾಗಿ ತಿದ್ದುತ್ತಿದ್ದೇನೆ, ಮೊದಲು ಪ್ರಶ್ನೆ ಬರೆದು, ಆಮೇಲೆ ಚಿತ್ರ ಬಿಡಿಸಿ.