ವಾಹನದ ದೂರುಗಳ ರಾಶಿ ಮತ್ತು ಓಪನ್‌ರಿಫೈನ್: ನಾಲ್ಕು ವರ್ಷದ ಬಳಕೆಯ ನಂತರ

ನಾಲ್ಕು ವರ್ಷದಿಂದ ಒಂದೇ ಕೆಲಸಕ್ಕೆ ಓಪನ್‌ರಿಫೈನ್ ಬಳಸುತ್ತಿದ್ದೇನೆ. ಅಡ್ಡಾದಿಡ್ಡಿ ಪಟ್ಟಿಗಳನ್ನು ಒಪ್ಪಗೊಳಿಸುವ ಸಾಫ್ಟ್‌ವೇರ್ ಅದು. ವಾಹನದ ಮಾಲೀಕರು ತಾವೇ ಬರೆದು ಕಳಿಸುವ ದೂರುಗಳನ್ನು ಓದಿ, ಸೋಸಿ, ಜೋಡಿಸಿಡುವುದು ನನ್ನ ಪಾಲಿನ ಕೆಲಸ. ಕಾರು, ಬೈಕು, ಸ್ಕೂಟರ್ ಎಲ್ಲವೂ ಬರುತ್ತವೆ.

ಇದನ್ನೇ ಆರಿಸಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಉಚಿತ. ಮತ್ತೆ, ಬ್ರೌಸರಿನಲ್ಲಿ ತೆರೆದುಕೊಂಡರೂ ಕೆಲಸ ನಡೆಯುವುದು ನಮ್ಮ ಕಂಪ್ಯೂಟರಿನಲ್ಲೇ. ಜನ ದೂರಿನ ನಡುವೆ ಫೋನ್ ನಂಬರು, ಗಾಡಿ ನಂಬರು, ಒಮ್ಮೊಮ್ಮೆ ಮನೆಯ ವಿಳಾಸವನ್ನೂ ಬರೆದುಬಿಡುತ್ತಾರೆ. ಅದನ್ನೆಲ್ಲ ಯಾರದೋ ಸರ್ವರಿಗೆ ಏರಿಸಲು ನನಗೆ ಮನಸ್ಸು ಬರಲಿಲ್ಲ. ಇದು 2010ರಲ್ಲಿ ಫ್ರೀಬೇಸ್ ಗ್ರಿಡ್‌ವರ್ಕ್ಸ್ ಆಗಿ ಹುಟ್ಟಿ, ಗೂಗಲ್ ರಿಫೈನ್ ಆಗಿ, 2012ರಲ್ಲಿ ಈಗಿನ ಹೆಸರು ಪಡೆದದ್ದು. ಹಳೆಯ ಪಾಠಗಳಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ, ಎಲ್ಲ ಒಂದೇ.

ಮೊದಲ ದಿನವೇ ಮನಸ್ಸು ಗೆದ್ದದ್ದು ಫ್ಯಾಸೆಟ್. ಒಂದು ಕಾಲಮ್ಮಿನಲ್ಲಿ ಏನೇನು ಬರೆದಿದೆ, ಯಾವುದು ಎಷ್ಟು ಸಲ ಬಂದಿದೆ ಎಂದು ಪಕ್ಕದಲ್ಲಿ ಪಟ್ಟಿ ಮಾಡಿ ತೋರಿಸುತ್ತದೆ. ಒಂದೇ ಮಾಡೆಲ್ಲನ್ನು ಜನ ಎಷ್ಟು ಬಗೆಯಲ್ಲಿ ಬರೆಯಬಹುದು ಅಂತ ಅಲ್ಲಿ ಗೊತ್ತಾಗುತ್ತದೆ. ಕಂಪನಿಯ ಹೆಸರು ಮುಂದೆ, ಹಿಂದೆ, ನಡುವೆ ಗೆರೆ, ಕೊನೆಗೆ ಚುಕ್ಕಿ. ಕ್ಲಸ್ಟರ್ ಒತ್ತಿದರೆ ಇಂಥವನ್ನು ಒಟ್ಟುಗೂಡಿಸಿ, ಇವೆಲ್ಲ ಒಂದೇನಾ ಎಂದು ನಮ್ಮನ್ನು ಕೇಳುತ್ತದೆ. ನಿಲ್ಲಿಸುವ ಬ್ರೇಕನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮುರಿಯುವ ಬ್ರೇಕಿನ ಸ್ಪೆಲ್ಲಿಂಗ್ ಹಾಕುವವರು ಬಹಳ ಜನ. ಮೆಟಾಫೋನ್ ವಿಧಾನ ಉಚ್ಚಾರ ನೋಡಿ ಆ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಅದು ಇಂಗ್ಲಿಷ್ ಉಚ್ಚಾರಕ್ಕಾಗಿ ಮಾಡಿದ ವಿಧಾನ. ಕನ್ನಡದಲ್ಲಿ ಬಂದ ದೂರುಗಳಿಗೆ ಅದನ್ನು ನಂಬಬೇಡಿ.

ಕ್ಲಸ್ಟರಿನ ಮೇಲೆ ನನಗೆ ಪ್ರೀತಿ ಜಾಸ್ತಿ. ಪೆಟ್ಟು ತಿಂದದ್ದೂ ಅಲ್ಲೇ. ಫಿಂಗರ್‌ಪ್ರಿಂಟ್ ಎಂಬ ವಿಧಾನವಿದೆ. ಅದು ವಾಕ್ಯದ ಪದಗಳನ್ನು ಬಿಡಿಸಿ, ಅಕಾರಾದಿಯಾಗಿ ಜೋಡಿಸಿ, ಆಮೇಲೆ ಹೋಲಿಸುತ್ತದೆ. ಮಾಡೆಲ್ ಹೆಸರಿಗೆ ಇದು ಸೊಗಸು. ನಾನು ಅದನ್ನೇ ದೂರಿನ ತಲೆಬರಹಕ್ಕೂ ಹಚ್ಚಿ, ಕಣ್ಣು ಹಾಯಿಸದೆ ಎಲ್ಲಕ್ಕೂ ಟಿಕ್ ಹಾಕಿ, ಮರ್ಜ್ ಒತ್ತಿಬಿಟ್ಟೆ. ಒಬ್ಬರು ‘ಎಂಜಿನ್ ಆನ್ ಬ್ರೇಕ್ ಲೈಟ್ ಆಫ್’ ಎಂದು ಬರೆದಿದ್ದರು. ಇನ್ನೊಬ್ಬರು ‘ಎಂಜಿನ್ ಆಫ್ ಬ್ರೇಕ್ ಲೈಟ್ ಆನ್’. ಪದಗಳು ಅವೇ ಐದು. ತೊಂದರೆ ಮಾತ್ರ ತದ್ವಿರುದ್ಧ. ಮೊದಲನೆಯವರ ಹಿಂದೆ ಬರುವ ಗಾಡಿಗೆ ಇವರು ಬ್ರೇಕ್ ಹಾಕಿದ್ದೇ ಕಾಣಿಸುವುದಿಲ್ಲ. ಎರಡನೆಯವರ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿ. ಇಂಥ ಹಲವು ದೂರುಗಳು ಒಂದೇ ಗುಂಪಿಗೆ ಬಿದ್ದು, ಇಲ್ಲದ ಒಂದು ದೊಡ್ಡ ಸಮಸ್ಯೆ ನನ್ನ ಪಟ್ಟಿಯ ಮೇಲ್ತುದಿಗೆ ಬಂದು ಕುಳಿತಿತ್ತು. ತಪ್ಪು ಸಾಫ್ಟ್‌ವೇರಿನದಲ್ಲ. ಅದು ಕೇಳಿತ್ತು, ನಾನು ಓದದೆ ಹೂಂ ಅಂದಿದ್ದೆ.

ಉಳಿಸಿದ್ದು ಹಿಸ್ಟರಿ. ಪ್ರಾಜೆಕ್ಟ್ ಮುಚ್ಚಿ ವಾರಗಳ ಮೇಲೆ ತೆರೆದರೂ ಮಾಡಿದ ಹೆಜ್ಜೆಗಳೆಲ್ಲ ಅಲ್ಲೇ ಇರುತ್ತವೆ. ಬೇಕಾದ ಹೆಜ್ಜೆಗೆ ಹಿಂದಕ್ಕೆ ಹೋಗಬಹುದು. ಮೂಲ ಫೈಲನ್ನು ಅದು ಮುಟ್ಟುವುದೇ ಇಲ್ಲ. ಒಂದು ತಿಂಗಳು ಮಾಡಿದ ಹೆಜ್ಜೆಗಳನ್ನು ತೆಗೆದಿಟ್ಟುಕೊಂಡು ಮುಂದಿನ ತಿಂಗಳ ಫೈಲಿಗೆ ಒಟ್ಟಿಗೇ ಹಾಕಬಹುದು, ಇದರಿಂದ ನನ್ನ ಎಷ್ಟೋ ಸಂಜೆಗಳು ಉಳಿದಿವೆ. ಒಂದೊಂದೇ ಕೋಶಕ್ಕೆ ಕೈಯಿಂದ ಮಾಡಿದ ತಿದ್ದುಪಡಿ ಮಾತ್ರ ಹಾಗೆ ಬರುವುದಿಲ್ಲ, ಅದು ನೆನಪಿರಲಿ.

ಕಿಲೋಮೀಟರ್ ಕಾಲಮ್ಮಿಗೆ ಸಂಖ್ಯೆಯ ಫ್ಯಾಸೆಟ್ ಹಾಕುತ್ತೇನೆ. ‘ಸುಮಾರು ನಲವತ್ತು ಸಾವಿರ’ ಎಂದು ಅಕ್ಷರದಲ್ಲಿ ಬರೆದವರು ಬೇರೆಯಾಗಿ ನಿಲ್ಲುತ್ತಾರೆ, ಖಾಲಿ ಬಿಟ್ಟವರು ಬೇರೆ. ಚಾಸಿ ನಂಬರಿಗೆ ಉದ್ದ ಎಣಿಸಿದರೆ ಸಾಕು. ಅದು 17 ಅಕ್ಷರ ಇರಬೇಕು. ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಬೇಡ ಎಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬಳಸುವುದಿಲ್ಲ. ಓ ಕಂಡರೆ ಅದು ಹೆಚ್ಚಾಗಿ ಸೊನ್ನೆ. ಪಟ್ಟಿ ಹೊರಗೆ ಕೊಡುವ ಮೊದಲು ಕೊನೆಯ ಆರನ್ನು ಕತ್ತರಿಸುತ್ತೇನೆ. ಆ ಒಂದು ಗಾಡಿಯನ್ನು ಗುರುತಿಸುವ ಭಾಗ ಅದು.

ಡೂಪ್ಲಿಕೇಟ್ ಹುಡುಕುವ ಸೌಲಭ್ಯವೂ ಇದೆ. ಆದರೆ ಸಿಕ್ಕಿದ್ದನ್ನೆಲ್ಲ ಅಳಿಸಬೇಡಿ. ಒಬ್ಬರೇ ಸಿಟ್ಟಿನಲ್ಲಿ ಮೂರು ಸಲ ಸಬ್ಮಿಟ್ ಒತ್ತಿದ್ದರೆ ಅದು ಡೂಪ್ಲಿಕೇಟ್. ಅದೇ ಚಾಸಿ ನಂಬರಿನಿಂದ ಎರಡು ತಿಂಗಳ ನಂತರ ಅದೇ ದೂರು ಮತ್ತೆ ಬಂದರೆ? ರಿಪೇರಿ ಮಾಡಿಸಿದ ಮೇಲೂ ತೊಂದರೆ ಹೋಗಿಲ್ಲ ಅಂತ ಅರ್ಥ ಇರಬಹುದು. ನನ್ನ ಲೆಕ್ಕದಲ್ಲಿ ಅದರ ತೂಕವೇ ಜಾಸ್ತಿ.

ಈ ಸಾಫ್ಟ್‌ವೇರಿನ ಕೈಯಲ್ಲಿ ಆಗದ್ದೂ ಒಂದಿದೆ. ಜನ ಗಾಡಿಯಲ್ಲಿ ಏನಾಯಿತು ಎಂದು ಬರೆಯುವುದಿಲ್ಲ, ಏನು ಹಾಳಾಗಿದೆ ಎಂದು ತೀರ್ಪು ಬರೆಯುತ್ತಾರೆ. ‘ಗೇರ್‌ಬಾಕ್ಸ್ ಹೋಯ್ತು’ ಅನ್ನುತ್ತಾರೆ. ಪೂರ್ತಿ ಓದಿದರೆ ಗೇರ್ ಬೀಳುತ್ತಿಲ್ಲ ಅಷ್ಟೇ, ಬರೀ ಕ್ಲಚ್ ಕೇಬಲ್ಲೂ ಇರಬಹುದು. ‘ಬ್ರೇಕ್ ಪೆಡಲ್ ನಡುಗುತ್ತೆ’ ಎಂಬುದೂ ಹಾಗೇ. ಗಟ್ಟಿಯಾಗಿ ಒತ್ತಿದಾಗ ಮಾತ್ರ ನಡುಗಿದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ) ತನ್ನ ಕೆಲಸ ಮಾಡುತ್ತಿರಬಹುದು. ವೇಗದಲ್ಲಿ ಮೆಲ್ಲಗೆ ಒತ್ತಿದಾಗಲೂ ನಡುಗಿದರೆ ಡಿಸ್ಕ್ ನೋಡಬೇಕು. ಹಾಗಾಗಿ ಎರಡು ಕಾಲಮ್ ಮಾಡಿಕೊಂಡಿದ್ದೇನೆ. ಒಂದರಲ್ಲಿ ಲಕ್ಷಣ, ಇನ್ನೊಂದರಲ್ಲಿ ಮಾಲೀಕರ ಊಹೆ. ಎಣಿಕೆ ಮಾಡುವುದು ಲಕ್ಷಣದ ಮೇಲೆ ಮಾತ್ರ. ಬೆಂಕಿ, ಪೆಟ್ರೋಲ್ ವಾಸನೆ, ಸ್ಟೀರಿಂಗ್ ಬಿಗಿಯಾಗುವುದು, ಬ್ರೇಕ್ ಹಿಡಿಯದಿರುವುದು ಕಂಡರೆ ಸಾಲಿಗೆ ಫ್ಲ್ಯಾಗ್ ಹಾಕಿ ಅವನ್ನೇ ಮೊದಲು ಓದುತ್ತೇನೆ, ಸಂಖ್ಯೆ ಎಷ್ಟೇ ಕಡಿಮೆ ಇರಲಿ.

ಕಿರಿಕಿರಿಗಳೂ ಇವೆ. ಫೈಲು ದೊಡ್ಡದಾದರೆ ನಿಧಾನವಾಗುತ್ತದೆ. ಸೆಟ್ಟಿಂಗ್ ಫೈಲಿಗೆ ಹೋಗಿ ಮೆಮೊರಿ ನಾವೇ ಹೆಚ್ಚಿಸಿಕೊಳ್ಳಬೇಕು. ಇಬ್ಬರು ಒಂದೇ ಪ್ರಾಜೆಕ್ಟಿನಲ್ಲಿ ಏಕಕಾಲಕ್ಕೆ ಕೂರುವಂತಿಲ್ಲ. ನಾನು ಮುಗಿಸಿ ಎಕ್ಸ್‌ಪೋರ್ಟ್ ಮಾಡಿ ಕೊಟ್ಟ ಮೇಲೆಯೇ ಜೊತೆಗಾರರ ಸರದಿ. ತಾರೀಖು ಇನ್ನೊಂದು ತಲೆನೋವು. 03/04 ಅಂದರೆ ಮಾರ್ಚೋ ಏಪ್ರಿಲ್ಲೋ? ದಿನ ಮೊದಲು ಬರುತ್ತದೆ ಎಂದು ನಾವು ಹೇಳದಿದ್ದರೆ ಅದು ತಿಂಗಳು ಮೊದಲು ಅಂದುಕೊಳ್ಳುತ್ತದೆ.

ತಿಂಗಳಿಗೆ ನೂರು ದೂರು ಬರುವವರಿಗೆ ಇದು ಬೇಡ, ಎಕ್ಸೆಲ್ ಸಾಕು, ಸುಮ್ನೆ ಕಲಿಯುವ ಕಷ್ಟ ಯಾಕೆ ಅಲ್ವಾ? ಸಾವಿರ ದಾಟಿದರೆ ಇಳಿಸಿಕೊಳ್ಳಿ. ಇಳಿಸಿಕೊಂಡ ಮೇಲೆ ಮೊದಲು ದೂರಿನ ಕಾಲಮ್ಮಿನ ಒಂದು ಪ್ರತಿ ಮಾಡಿ. ನನ್ನದರ ಹೆಸರು ‘ಅವರ ಮಾತು’. ಬ್ರೇಕ್ ಲೈಟಿನ ಆ ಘಟನೆಯ ನಂತರ ಒಂದು ಕಾಮಾವನ್ನೂ ಅಲ್ಲಿ ತಿದ್ದಿಲ್ಲ.