ಪೋರ್ಶೆ 911 ಟರ್ಬೊ 3.3ಗೆ 964 ಕ್ಯಾಮ್ ಹಾಕ್ಸಿದ್ದು: ಕೆಲವು ಸೀಸನ್ ಓಡ್ಸಿದ ಮೇಲಿನ ಅನುಭವ

ಗಾಡಿ 1986ರ ಪೋರ್ಶೆ 911 ಟರ್ಬೊ, ಗೊತ್ತಿರೋರೆಲ್ಲ 930 ಅಂತಾನೇ ಕರೆಯೋದು, 3.3 ಲೀಟರ್, ನಾಲ್ಕೇ ಗೇರ್. ನಾನಿರೋದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದಲ್ಲಿ, ಗಾಡಿ ಹುಟ್ಟಿದ ಊರಲ್ಲೇ ಓಡ್ತಿದೆ. ಕಂಪನಿ ಕ್ಯಾಮ್‌ಶಾಫ್ಟ್ (ಇಂಜಿನ್ ವಾಲ್ವ್‌ಗಳನ್ನ ತೆರೆದು ಮುಚ್ಚೋ ಉಬ್ಬುಗಳಿರೋ ಶಾಫ್ಟ್, ಚಿಕ್ಕದಾಗಿ ಕ್ಯಾಮ್) ಎರಡನ್ನೂ ತೆಗೆಸಿ, 930 ಆದ್ಮೇಲೆ ಬಂದ 964 ಅನ್ನೋ 911ನ ಪ್ರೊಫೈಲ್ (ಆ ಉಬ್ಬುಗಳ ಆಕಾರ) ಇರೋ ಕ್ಯಾಮ್ ಹಾಕ್ಸಿ ಕೆಲವು ಸೀಸನ್ ಆಯ್ತು. ಹಾಕ್ಸಿದ ವಾರದಲ್ಲೇ ಬರೆದಿರೋ ರಿವ್ಯೂ ಬೇಕಾದಷ್ಟಿವೆ, ಆದ್ರೆ ಕ್ಯಾಮ್ ಅನ್ನೋದು ಒಂದೆರಡು ಆಯಿಲ್ ಚೇಂಜ್ ಆಗಿ, ಅಕ್ಟೋಬರ್ ಬೆಳಗಿನ ಚಳೀಲಿ ಸ್ಟಾರ್ಟ್ ಮಾಡಿ, ಆಟೋಬಾನ್‌ನಲ್ಲಿ ಉದ್ದಕ್ಕೆ ಎಳೆದ ಮೇಲೇನೇ ಏನು ಅಂತ ಗೊತ್ತಾಗೋದು, ಅದಕ್ಕೇ ಈಗ ಬರೀತಿದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಬರೀ ಕ್ಯಾಮ್ ಬದಲಾಯಿಸೋಕೆ ಅಂತ ಇಂಜಿನ್ ಇಳಿಸ್ಬೇಡಿ, ದುಡ್ಡಿಗೆ ತಕ್ಕ ಫಲ ಸಿಗಲ್ಲ. ಬೇರೆ ಕೆಲಸಕ್ಕೆ ಇಂಜಿನ್ ಹೇಗೂ ಕೆಳಗೆ ಬರ್ತಿದೆ, ಟರ್ಬೊ ಎಕ್ಸಾಸ್ಟ್ ಕಡೇನೂ ಕೈ ಹಾಕ್ತಿದೀರ ಅಂದ್ರೆ ಆಗ ಖಂಡಿತ ಹಾಕ್ಸಿ, ಗಾಡಿ ಬೇರೇನೇ ಆಗುತ್ತೆ.

ಕಂಪನಿ ಕ್ಯಾಮ್ ಯಾಕೆ ಅಷ್ಟು ಸೌಮ್ಯ ಅನ್ನೋದು ಅರ್ಥ ಆದ್ರೆ ಉಳಿದದ್ದೆಲ್ಲ ಸುಲಭ. ಪೋರ್ಶೆಯವರು ಟರ್ಬೊ ಕಲ್ತಿದ್ದು 917 ರೇಸ್ ಕಾರುಗಳಲ್ಲಿ, ಅಮೆರಿಕ-ಕೆನಡಾದ ಕ್ಯಾನ್-ಆಮ್ ರೇಸ್‌ಗಳಲ್ಲಿ, 1972-73ರಲ್ಲಿ. ಅದನ್ನ ರಸ್ತೆ ಗಾಡಿಗೆ ತಂದು 1974ರ ಪ್ಯಾರಿಸ್ ಮೋಟಾರ್ ಶೋನಲ್ಲಿ 930 ತೋರಿಸಿದ್ರು, 3.0 ಲೀಟರ್, 260 ಹಾರ್ಸ್‌ಪವರ್. 1978ಕ್ಕೆ 3.3 ಬಂತು, ಹಿಂದಿನ ದೊಡ್ಡ ಸ್ಪಾಯ್ಲರ್ ಕೆಳಗೆ ಇಂಟರ್‌ಕೂಲರ್ (ಟರ್ಬೊದಿಂದ ಬರೋ ಬಿಸಿ ಗಾಳೀನ ತಣ್ಣಗೆ ಮಾಡೋದು) ಕೂತಿತು, 300 ಹಾರ್ಸ್‌ಪವರ್ 5500 ಆರ್‌ಪಿಎಂನಲ್ಲಿ. ಕಂಪ್ರೆಶನ್ ಬರೀ 7:1, ಬೂಸ್ಟ್ (ಟರ್ಬೊ ಇಂಜಿನ್ ಒಳಕ್ಕೆ ತಳ್ಳೋ ಗಾಳಿಯ ಒತ್ತಡ) ಹತ್ತತ್ರ 0.8 ಬಾರ್. ಅಷ್ಟು ಕಡಿಮೆ ಕಂಪ್ರೆಶನ್ ಇರೋ ಇಂಜಿನ್‌ಗೆ ಬಿರುಸು ಕ್ಯಾಮ್ ಹಾಕಿದ್ರೆ ಬೂಸ್ಟ್ ಬರೋ ಮುಂಚೆ ಗಾಡಿ ಸತ್ತೇ ಹೋಗ್ತಿತ್ತು, ಜೊತೆಗೆ ಆ ಕಾಲದ ಟರ್ಬೊದಲ್ಲಿ ಎಕ್ಸಾಸ್ಟ್ ಕಡೆ ಒತ್ತಡ ವಿಪರೀತ.

ಓವರ್‌ಲ್ಯಾಪ್ ವಿಷಯ ಬರೋದು ಇಲ್ಲೇ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚೋ ಮುಂಚೆನೇ ಇನ್‌ಟೇಕ್ ವಾಲ್ವ್ ತೆರೆಯೋಕೆ ಶುರುವಾಗುತ್ತಲ್ಲ, ಆ ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತೆ. ಟರ್ಬೊ ಇಲ್ಲದ ಇಂಜಿನ್‌ನಲ್ಲಿ ಇದರಿಂದ ಲಾಭ, ಹೊರಗೆ ಹೋಗೋ ಗ್ಯಾಸ್ ಹೊಸ ಗಾಳೀನ ಒಳಗೆ ಎಳ್ಕೊಳ್ಳುತ್ತೆ. ಟರ್ಬೊ ಇದ್ರೆ ಎಕ್ಸಾಸ್ಟ್ ದಾರೀಲಿ ಟರ್ಬೈನ್ (ಹೊರಗೆ ಹೋಗೋ ಗ್ಯಾಸ್ ತಿರುಗಿಸೋ ಟರ್ಬೊ ಚಕ್ರ) ಅಡ್ಡ ಕೂತಿರುತ್ತೆ, ಆ ಕಡೆ ಒತ್ತಡ ಇನ್‌ಟೇಕ್ ಕಡೆಗಿಂತ ಜಾಸ್ತಿ ಇದ್ರೆ ಮೆಜೆಸ್ಟಿಕ್‌ನಲ್ಲಿ ಹತ್ತೋರು ನುಗ್ಗಿ ಇಳಿಯೋರನ್ನ ಬಸ್ ಒಳಕ್ಕೇ ತಳ್ತಾರಲ್ಲ ಹಾಗೆ ಸುಟ್ಟ ಗ್ಯಾಸ್ ವಾಪಸ್ ಸಿಲಿಂಡರ್‌ಗೇ ಬರುತ್ತೆ. ಬಿಸಿ ಏರುತ್ತೆ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಸಿಡಿಯೋದು) ಭಯ ಏರುತ್ತೆ. ಹಾಗಾಗಿ ಟರ್ಬೊ ಗಾಡಿಗೆ ಕ್ಯಾಮ್ ಆರಿಸುವಾಗ ಬರೀ ಲಿಫ್ಟ್, ಅಂದ್ರೆ ವಾಲ್ವ್‌ನ ಎಷ್ಟು ಎತ್ತುತ್ತೆ ಅಂತ ನೋಡೋದು ಸಾಲಲ್ಲ, ನಿಮ್ಮ ಟರ್ಬೈನ್ ಎಷ್ಟು ಸಲೀಸಾಗಿ ಗ್ಯಾಸ್ ಬಿಡುತ್ತೆ ಅನ್ನೋದು ಮೊದಲ ಪ್ರಶ್ನೆ.

964 ಕ್ಯಾಮ್ ಯಾಕೆ ಅಂದ್ರೆ, ಅದು 3.6 ಲೀಟರ್‌ನ 964 ಕರೆರಾಗೆ ಪೋರ್ಶೆಯವರೇ ಮಾಡಿದ್ದು, ರಸ್ತೆಗೆ ಅಂತಾನೇ ಮಾಡಿರೋ ಪ್ರೊಫೈಲ್. 930 ಕ್ಯಾಮ್‌ಗಿಂತ ವಾಲ್ವ್ ಜಾಸ್ತಿ ಎತ್ತುತ್ತೆ, ಜಾಸ್ತಿ ಹೊತ್ತು ತೆರೆದಿಡುತ್ತೆ, ಆದ್ರೆ ಓವರ್‌ಲ್ಯಾಪ್ ಹುಚ್ಚುಹುಚ್ಚಾಗಿಲ್ಲ. 911 ಎಸ್‌ಸಿ (ಟರ್ಬೊ ಇಲ್ಲದ ಹಳೇ 911) ಕ್ಯಾಮ್ ಹಾಕ್ಸೋರೂ ತುಂಬಾ ಜನ ಇದಾರೆ. ಮುಖ್ಯ ಕಾರಣ ಇನ್ನೊಂದಿದೆ, ನನ್ನ ಗಾಡೀಲಿ ಇನ್ನೂ ಕೆ-ಜೆಟ್ರಾನಿಕ್ ಅನ್ನೋ ಹಳೇ ಮೆಕ್ಯಾನಿಕಲ್ ಪೆಟ್ರೋಲ್ ಇಂಜೆಕ್ಷನ್ ಇದೆ, ಅದನ್ನ ತೆಗೆಸೋಕೆ ನನಗೆ ಇಷ್ಟ ಇಲ್ಲ. ಬಾಷ್‌ನವರದ್ದು (ನಮ್ಮ ಆಡುಗೋಡಿ ಮೈಕೋ ಇದ್ಯಲ್ಲ, ಅದೇ ಬಾಷ್), ಕಂಪ್ಯೂಟರ್ ಇಲ್ಲ ಏನಿಲ್ಲ, ಒಳಗೆ ಬರೋ ಗಾಳಿ ಒಂದು ತಟ್ಟೇನ ಎತ್ತುತ್ತೆ, ತಟ್ಟೆ ಒಂದು ಲಿವರ್‌ನಿಂದ ಪೆಟ್ರೋಲ್ ಅಳತೆ ಮಾಡುತ್ತೆ, ಇಂಜೆಕ್ಟರ್‌ಗಳು ನಿಲ್ಲದೆ ಸಿಂಪಡಿಸ್ತಾನೇ ಇರುತ್ತವೆ. ಇದರ ಚಂದ ಏನಂದ್ರೆ ಗಾಳೀನ ನೇರ ಅಳೆಯೋದ್ರಿಂದ ಕ್ಯಾಮ್ ಬದಲಾಗಿ ಗಾಳಿ ಜಾಸ್ತಿ ಹೋದ್ರೆ ಪೆಟ್ರೋಲೂ ತಾನೇ ಜಾಸ್ತಿ ಕೊಡುತ್ತೆ. ಓವರ್‌ಲ್ಯಾಪ್ ಜಾಸ್ತಿ ಆದ್ರೆ ಮಾತ್ರ ಗಾಳಿ ಹಿಂದಕ್ಕೆ ಬಡಿದು ಆ ತಟ್ಟೆ ಅದುರೋಕೆ ಶುರು, ಐಡಲ್ ಕೆಡುತ್ತೆ. 930ಯಲ್ಲಿ ತಟ್ಟೆ ಇರೋದು ಟರ್ಬೊಗಿಂತ ಮುಂಚೆ, ನಡುವಿನ ಪೈಪು ಇಂಟರ್‌ಕೂಲರ್ ಎಲ್ಲ ಆ ಹೊಡೆತಾನ ಸ್ವಲ್ಪ ತಗ್ಗಿಸುತ್ತೆ, ಹಾಗಾಗಿ 964 ಪ್ರೊಫೈಲ್ ತಡ್ಕೊಳ್ಳುತ್ತೆ. ಅದಕ್ಕಿಂತ ಬಿರುಸಿನದ್ದು ಬೇಕು ಅಂದ್ರೆ ಎಲೆಕ್ಟ್ರಾನಿಕ್ ಇಂಜೆಕ್ಷನ್‌ಗೆ ಹೋಗಿ, ಕೆ-ಜೆಟ್ರಾನಿಕ್‌ನ ಹಿಂಸೆ ಮಾಡ್ಬೇಡಿ.

ಕೆಲಸದ ವಿಷಯ. ಇಂಜಿನ್ ಗೇರ್‌ಬಾಕ್ಸ್ ಒಟ್ಟಿಗೆ ಕೆಳಗಿಳೀತು. ಈ ಇಂಜಿನ್‌ಗಳ ದೊಡ್ಡ ಖಾಯಿಲೆ ಡಿಲಾವಾರ್ ಅನ್ನೋ ಲೋಹದ ಹೆಡ್ ಸ್ಟಡ್‌ಗಳು (ಸಿಲಿಂಡರ್ ಹೆಡ್‌ನ ಬಿಗಿ ಹಿಡಿಯೋ ಉದ್ದ ಬೋಲ್ಟ್‌ಗಳು), ತುಕ್ಕು ಹಿಡಿದು ಮುರಿಯುತ್ತವೆ, ನಂದರಲ್ಲೂ ಮುರಿದಿತ್ತು, ಅಸಲಿಗೆ ಇಂಜಿನ್ ಇಳಿಸಿದ್ದೇ ಅದಕ್ಕೆ. ಕ್ಯಾಮ್ ಹೊಸದು ತಗೋಬಹುದು, ಇಲ್ಲ ಹಳೇದನ್ನೇ ಹೊಸ ಪ್ರೊಫೈಲ್‌ಗೆ ಗ್ರೈಂಡ್ ಮಾಡಿಸ್ಬಹುದು. ನಾನು ಗ್ರೈಂಡ್ ಮಾಡಿಸ್ದೆ. ಇದರಲ್ಲಿ ಲೋಬ್‌ನ (ಕ್ಯಾಮ್ ಮೇಲಿನ ಉಬ್ಬು) ಬುಡದ ಸುತ್ತಳತೆ ಕಮ್ಮಿ ಆಗುತ್ತೆ, ರಾಕರ್‌ನ (ಲೋಬ್ ತಳ್ಳಿದಾಗ ವಾಲ್ವ್ ಒತ್ತೋ ಸಣ್ಣ ಲಿವರ್) ಅಡ್ಜಸ್ಟ್‌ಮೆಂಟ್ ಸ್ಕ್ರೂ ಜಾಸ್ತಿ ಹೊರಗೆ ಬರುತ್ತೆ, ಅದು ಮಿತಿಯೊಳಗಿದ್ಯಾ ಅಂತ ನೋಡಿಸ್ಲೇಬೇಕು. ರಾಕರ್‌ಗಳ ಮುಖ ಕೂಡ ಹೊಸದಾಗಿ ಮಾಡಿಸ್ಬೇಕು. ನಾನು ಮೊದಲು ವಿಚಾರಿಸಿದ ಒಂದು ಗ್ಯಾರೇಜ್‌ನೋರು ಹಳೇ ರಾಕರ್ ಹಾಗೇ ಹಾಕಿ ಸಾಕು ಅಂದ್ರು, ನಾನು ಅಲ್ಲಿಂದ ಎದ್ದು ಬಂದೆ. ಸವೆದ ರಾಕರ್ ಹೊಸ ಲೋಬ್ ಮೇಲೆ ಉಜ್ಜಿದ್ರೆ ಲೋಬ್ ಕಥೆ ಮುಗೀತು. ಇನ್ನೊಂದು, ಕ್ಯಾಮ್ ಹೌಸಿಂಗ್ ಒಳಗೆ ಲೋಬ್‌ಗಳ ಮೇಲೆ ಆಯಿಲ್ ಸಿಂಪಡಿಸೋ ಸಣ್ಣ ಟ್ಯೂಬ್ ಇದೆ, ಅದರ ತೂತುಗಳಲ್ಲಿ ಮೂವತ್ತು ನಲವತ್ತು ವರ್ಷದ ಗಸಿ ಕೂತಿರುತ್ತೆ, ಅದನ್ನ ಪೂರ್ತಿ ಕ್ಲೀನ್ ಮಾಡಿಸಿ, ದಯವಿಟ್ಟು ಇದನ್ನ ಬಿಡ್ಬೇಡಿ. ಪಿಸ್ಟನ್‌ಗೂ ವಾಲ್ವ್‌ಗೂ ನಡುವಿನ ಜಾಗಾನೂ ಅಳೆಸಿ, ಲಿಫ್ಟ್ ಜಾಸ್ತಿ ಆದ್ಮೇಲೆ ಇದು ಊಹೆ ಮೇಲೆ ಬಿಡೋ ವಿಷಯ ಅಲ್ಲ.

ಕ್ಯಾಮ್ ಟೈಮಿಂಗ್ ಸೆಟ್ ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಿದೆ, ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟ ಆದ ಭಾಗ ಅದು. ಎಡಗಡೆ ಕ್ಯಾಮ್‌ಗೆ ಒಂದನೇ ಸಿಲಿಂಡರ್, ಬಲಗಡೆಗೆ ನಾಲ್ಕನೇದು. ಇನ್‌ಟೇಕ್ ವಾಲ್ವ್ ಮೇಲೆ ಡಯಲ್ ಗೇಜ್ ಕೂರಿಸಿ, ಟ್ಯಾಪೆಟ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಗ್ಯಾಪ್) 0.1 ಮಿಲಿಮೀಟರ್‌ಗೆ ಇಟ್ಟು, ಕ್ರ್ಯಾಂಕ್ ಪುಲ್ಲಿಯ ಝಡ್-1 ಗುರುತು (ಒಂದನೇ ಪಿಸ್ಟನ್ ತುದೀಲಿದೆ ಅನ್ನೋ ಗುರುತು) ಬರೋವರೆಗೆ ಒಂದು ಸುತ್ತು ತಿರುಗಿಸಿ, ಓವರ್‌ಲ್ಯಾಪ್ ಹೊತ್ತಲ್ಲಿ ವಾಲ್ವ್ ಎಷ್ಟು ಇಳಿದಿದೆ ಅಂತ ಓದ್ತಾರೆ. ಚೈನ್ ಚಕ್ರದಲ್ಲಿ ಒಂದು ಲೆಕ್ಕದ ತೂತು, ಅದರ ಹಿಂದಿನ ಫ್ಲ್ಯಾಂಜ್‌ನಲ್ಲಿ ಅದಕ್ಕಿಂತ ಒಂದು ಹೆಚ್ಚುಕಮ್ಮಿ, ಹಾಗಾಗಿ ಎಲ್ಲೋ ಒಂದು ಕಡೆ ಮಾತ್ರ ಎರಡೂ ಎದುರುಬದುರು ಬರುತ್ತೆ, ಅಲ್ಲಿ ಪಿನ್ ತೂರಿಸೋದು. ಪಕ್ಕದ ತೂತಿಗೆ ಬದಲಾಯಿಸಿದ್ರೆ ಟೈಮಿಂಗ್ ಕೂದಲೆಳೆಯಷ್ಟು ಸರಿಯುತ್ತೆ. ಯಾವ ಡಿಜಿಟಲ್ ಸಾಮಾನೂ ಇಲ್ಲದೆ ಅಷ್ಟು ಸೂಕ್ಷ್ಮ! 964 ಕ್ಯಾಮ್ ಹಾಕ್ಸಿ 930 ಪುಸ್ತಕದ ಅಳತೆಗೆ ಸೆಟ್ ಮಾಡಿಸ್ಬೇಡಿ, ಕ್ಯಾಮ್ ಜೊತೆ ಬರೋ ಶೀಟ್‌ನ ಅಳತೆ ಬೇರೆ ಇರುತ್ತೆ. ಎರಡೂ ಕಡೆ ಒಂದೇ ರೀಡಿಂಗ್ ಬರೋವರೆಗೆ ಮೆಕ್ಯಾನಿಕ್‌ನ ಅವಸರ ಮಾಡ್ಬೇಡಿ, ಎಡ ಬಲ ಹೆಚ್ಚುಕಮ್ಮಿ ಆದ್ರೆ ಐಡಲ್‌ನಲ್ಲಿ ಜೀವನಪೂರ್ತಿ ಗೊತ್ತಾಗ್ತಾ ಇರುತ್ತೆ.

ಜೊತೆಗೆ ಹಳೇ ಟರ್ಬೊ ಜಾಗಕ್ಕೆ ಕೆಕೆಕೆ ಕಂಪನಿಯ ಕೆ27 ಟರ್ಬೊ ಬಂತು, ಎಕ್ಸಾಸ್ಟ್ ಮಫ್ಲರ್ ಸ್ವಲ್ಪ ಸಲೀಸಿನದ್ದು ಬಂತು. ಹೆಡರ್ (ಹೀಟ್ ಎಕ್ಸ್‌ಚೇಂಜರ್ ಇಲ್ಲದ ಬರೀ ಎಕ್ಸಾಸ್ಟ್ ಪೈಪು) ಹಾಕಿಸ್ಲಿಲ್ಲ, ಯಾಕಂದ್ರೆ ಗಾಳಿಯಿಂದ ತಂಪಾಗೋ ಈ ಗಾಡೀಲಿ ಹೀಟರ್ ಬಿಸಿ ಬರೋದೇ ಎಕ್ಸಾಸ್ಟ್ ಸುತ್ತ ಇರೋ ಹೀಟ್ ಎಕ್ಸ್‌ಚೇಂಜರ್‌ನಿಂದ, ಇಲ್ಲಿನ ಚಳೀಲಿ ಅದಿಲ್ಲದೆ ಆಗಲ್ಲ.

ಈಗ ಓಡಿಸೋಕೆ ಹೇಗಿದೆ. ಬೂಸ್ಟ್ ಮೊದಲಿನ ಹಾಗೇ 3000 ದಾಟಿದ ಮೇಲೇನೇ, ಅದನ್ನ ಕ್ಯಾಮ್ ಬದಲಾಯಿಸಲ್ಲ, ಹಾಗಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಬದಲಾಗಿರೋದು ಮೇಲ್ಗಡೆ. ಮೊದಲು ಧಡ್ ಅಂತ ಬೂಸ್ಟ್ ಬಂದು 5500 ಹತ್ರ ಉಸಿರು ಕಟ್ಟಿದ ಹಾಗಾಗ್ತಿತ್ತು, ಗೇರ್ ಹಾಕ್ಲೇಬೇಕು, ಈಗ 6500ವರೆಗೂ ಅದೇ ಜೋರಲ್ಲಿ ಎಳೀತಾ ಹೋಗುತ್ತೆ. ನಾಲ್ಕೇ ಗೇರ್, ಒಂದೊಂದೂ ಉದ್ದ ಇರೋ ಈ ಗಾಡಿಗೆ ಆ ಸಾವಿರ ಆರ್‌ಪಿಎಂ ತುಂಬಾ ದೊಡ್ಡದು, ಮುಂದಿನ ಗೇರ್ ಹಾಕಿದಾಗ ಆರ್‌ಪಿಎಂ ಸೂಜಿ ಬೂಸ್ಟ್ ಒಳಗೇ ಬಂದು ಬೀಳುತ್ತೆ. ಎ8ರಲ್ಲಿ ಉಲ್ಮ್ ಕಡೆ ಹೋಗೋವಾಗ ಶ್ವೇಬಿಷ್ ಆಲ್ಬ್ ಏರು ಬರುತ್ತಲ್ಲ, ಅದು ಮುಗಿದು ಲಿಮಿಟ್ ಇಲ್ಲದ ಕಡೆ ಮೂರನೇ ಗೇರ್‌ನಲ್ಲಿ ಎಳೆದಾಗ ನನ್ನ ಮೈ ಇನ್ನೂ ಜುಮ್ ಅನ್ನುತ್ತೆ. ಇಂಜಿನ್ ಸದ್ದೂ ಮೇಲ್ಗಡೆ ಗಡಸಾಗಿದೆ, ಟರ್ಬೊ ಮಫ್ಲರ್ ತರ ಸದ್ದು ನುಂಗಿದ್ರೂ ಕೇಳುತ್ತೆ.

ಕಳ್ಕೊಂಡಿದ್ದೂ ಇದೆ. 2500 ಕೆಳಗೆ ಮೊದಲಿಗಿಂತ ಸ್ವಲ್ಪ ಮಂಕು, ಸಿಟಿ ಟ್ರಾಫಿಕ್‌ನಲ್ಲಿ ಒಂದು ಗೇರ್ ಕಮ್ಮಿ ಇಟ್ಕೊಂಡೇ ಓಡಿಸ್ಬೇಕು. ಚಳೀಲಿ ಮೊದಲ ಕೆಲವು ನಿಮಿಷ ಐಡಲ್ ಏರಿಳಿತ ಆಗುತ್ತೆ, ವಾರ್ಮ್-ಅಪ್ ರೆಗ್ಯುಲೇಟರ್ (ಇಂಜಿನ್ ಬಿಸಿಯಾಗೋವರೆಗೆ ಪೆಟ್ರೋಲ್ ಜಾಸ್ತಿ ಕೊಡಿಸೋದು) ಪ್ರೆಶರ್ ಮತ್ತೆ ಸೆಟ್ ಮಾಡಿಸಿದ್ಮೇಲೆ ಕಮ್ಮಿ ಆಯ್ತು, ಪೂರ್ತಿ ಹೋಗಿಲ್ಲ, ಬಿಸಿಯಾದ್ಮೇಲೆ ಏನೂ ತೊಂದ್ರೆ ಇಲ್ಲ. ಪೆಟ್ರೋಲ್ ಮೊದಲೂ ಕುಡೀತಿತ್ತು, ಈಗ್ಲೂ ಕುಡಿಯುತ್ತೆ, ದೊಡ್ಡ ವ್ಯತ್ಯಾಸ ಕಾಣಿಸ್ಲಿಲ್ಲ, 98 ಆಕ್ಟೇನ್ ಬಿಟ್ಟು ಬೇರೇನೂ ಹಾಕಲ್ಲ. ವೈಡ್‌ಬ್ಯಾಂಡ್ ಗೇಜ್ (ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸೋದು) ಹಾಕಿಸೋದು ಐಚ್ಛಿಕ ಅಂತ ನಾನು ಒಪ್ಪಲ್ಲ. ಕೆ-ಜೆಟ್ರಾನಿಕ್ ತಟ್ಟೆ ಪೂರ್ತಿ ಮೇಲೆದ್ದ ಮೇಲೆ ಅದರ ಹತ್ರ ಕೊಡೋಕೆ ಪೆಟ್ರೋಲ್ ಉಳಿದಿರಲ್ಲ, ಆಗ ಬೂಸ್ಟ್‌ನಲ್ಲಿ ಮಿಕ್ಸ್ಚರ್ ತೆಳುವಾದ್ರೆ ಪಿಸ್ಟನ್ ಕರಗುತ್ತೆ. ಬೂಸ್ಟ್ ಜಾಸ್ತಿ ಮಾಡೋ ಆಸೆ ಇರೋರು ಇದನ್ನ ಎರಡು ಸಲ ಓದಿ.

ಆಯಿಲ್ 20ಡಬ್ಲ್ಯೂ-50, ಝಿಂಕ್ ಇರೋದು. ಲೋಬ್ ಮೇಲೆ ರಾಕರ್ ಉಜ್ಜೋ ಇಂಜಿನ್‌ಗೆ ಇವತ್ತಿನ ತೆಳು ಆಯಿಲ್ ಆಗಲ್ಲ. ಹೊಸ ಕ್ಯಾಮ್ ಮೊದಲ ಸ್ಟಾರ್ಟ್‌ನಲ್ಲಿ ಐಡಲ್‌ಗೆ ಬಿಡದೆ 2000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಇಡ್ತಾರೆ, ಲೋಬ್‌ಗೆ ಆಯಿಲ್ ಚೆನ್ನಾಗಿ ಸಿಗ್ಲಿ ಅಂತ. ಹೋದ ಚಳಿಗಾಲ ಟ್ಯಾಪೆಟ್ ಸೆಟ್ ಮಾಡುವಾಗ ವಾಲ್ವ್ ಕವರ್ ತೆಗೆದು ಲೋಬ್‌ಗಳನ್ನ ಟಾರ್ಚ್ ಹಾಕಿ ನೋಡಿದ್ವಿ, ಒಂದು ಗೀರೂ ಇಲ್ಲ, ಟ್ಯಾಪೆಟ್ ಗ್ಯಾಪ್ ಕೂಡ ಹೆಚ್ಚೇನೂ ಸರಿದಿರ್ಲಿಲ್ಲ.

ಜರ್ಮನಿಯಲ್ಲಿ ಇರೋರಿಗೆ ಒಂದು ಮಾತು. ಇಂಜಿನ್ ಪವರ್ ಬದಲಾದ್ರೆ ಗಾಡಿ ಪೇಪರ್‌ನಲ್ಲಿ ಬರೆಸ್ಬೇಕು, ಇಲ್ಲಾಂದ್ರೆ ಇನ್ಶೂರೆನ್ಸ್‌ಗೂ ತೊಂದ್ರೆ. ಹಳೇ ಗಾಡಿಯ ಎಚ್ ನಂಬರ್ ಪ್ಲೇಟ್ ಇರೋರು ಅದು ಉಳಿಯುತ್ತಾ ಅಂತ ಕೆಲಸ ಶುರು ಮಾಡೋ ಮುಂಚೆನೇ ಟ್ಯೂವ್ (ಗಾಡಿ ತಪಾಸಣೆ ಮಾಡೋ ಸಂಸ್ಥೆ) ಇನ್ಸ್‌ಪೆಕ್ಟರ್ ಹತ್ರ ಕೇಳಿ, ಕ್ಯಾಮ್ ಶೀಟ್, ಬಿಲ್ಲು, ಹಳೇ ಭಾಗಗಳ ಫೋಟೋ ಎಲ್ಲ ಇಟ್ಕೊಂಡು ಹೋಗಿ. ಹಳೇ ಟರ್ಬೊ, ಮಫ್ಲರ್, ಬಿಚ್ಚಿದ್ದೆಲ್ಲಾನೂ ಎತ್ತಿಡಿ, ಮಾರ್ಬೇಡಿ. ಮುಂದೆ ಗಾಡಿ ತಗೊಳ್ಳೋರು ಮೊದಲು ಕೇಳೋದೇ ಅವುಗಳನ್ನ.