ಮಧ್ಯಾಹ್ನದ ಮೌತ್‌ವಾಶ್: ವರ್ಷಗಟ್ಟಲೆ ಬಳಸಿದವನ ಮಾತು

ಆಲ್ಕೋಹಾಲ್ ಇಲ್ಲದ, ಹಲ್ಲು ಹುಳುಕಾಗದಂತೆ ಕಾಯುವ ಫ್ಲೋರೈಡ್ ಇರುವ ಪುದೀನ ರುಚಿಯ ಮೌತ್‌ವಾಶ್. ಕೆಲವು ವರ್ಷಗಳಿಂದ ನಾನು ಬಳಸುತ್ತಿರುವುದು ಇದೇ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಇದೇ ಪದಾರ್ಥದ ಬಾಟಲಿ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಹಿಂದಿನ ಲೇಬಲ್ ಓದಿ ಕೊಂಡರೆ ಸಾಕು.

ರಾಯಚೂರಿನ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ದಿನವಿಡೀ ರೈತರ ಜೊತೆ ಮಾತು. ಮಧ್ಯಾಹ್ನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಹಸಿ ಉಳ್ಳಾಗಡ್ಡಿ. ಊಟ ಮುಗಿಸಿ ಗದ್ದುಗೆ ಮೇಲೆ ಕೂತರೆ ಎದುರಿನವರು ಮುಖ ತಿರುಗಿಸಬಾರದಲ್ವಾ, ಅದಕ್ಕೇ ಶುರುವಾಗಿದ್ದು.

ಮಧ್ಯಾಹ್ನವೇ ಬಳಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಹುತೇಕ ಜನ ಬೆಳಿಗ್ಗೆ ಹಲ್ಲುಜ್ಜಿದ ತಕ್ಷಣ ಮೌತ್‌ವಾಶ್ ಹಾಕಿಕೊಳ್ಳುತ್ತಾರೆ. ದೊಡ್ಡವರ ಫ್ಲೋರೈಡ್ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ 1,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಆಸುಪಾಸು ಫ್ಲೋರೈಡ್ ಇರುತ್ತದೆ. ನನ್ನ ಬಾಟಲಿಯಲ್ಲಿರುವುದು ಶೇ 0.05 ಸೋಡಿಯಂ ಫ್ಲೋರೈಡ್, ಅಂದರೆ ಸುಮಾರು 225 ಪಿಪಿಎಂ. ಹಲ್ಲಿಗೆ ಅಂಟಿದ ಗಟ್ಟಿ ಔಷಧವನ್ನು ತೆಳು ಔಷಧದಿಂದ ತೊಳೆದುಹಾಕಿದ ಹಾಗಾಯಿತು. ಬೆಳಿಗ್ಗೆ, ರಾತ್ರಿ ಬ್ರಷ್. ಮಧ್ಯಾಹ್ನ ಮೌತ್‌ವಾಶ್. ಈ ಲೆಕ್ಕ ಸರಿಹೋಗುತ್ತದೆ.

ಬಳಸುವುದು ಸುಲಭ. ಮುಚ್ಚಳದ ಒಳಗೆ ಒಂದು ಗೆರೆ ಇದೆ, ಅಷ್ಟಕ್ಕೆ 10 ಎಂಎಲ್. ನೀರು ಬೆರೆಸಬೇಕೋ ಬೇಡವೋ ಲೇಬಲ್ ಹೇಳುತ್ತದೆ, ನನ್ನದಕ್ಕೆ ಬೇಡ. ಬಾಯಿ ಮುಚ್ಚಿ ಒಂದು ನಿಮಿಷ ಹಲ್ಲಿನ ಸಂದಿಗಳಲ್ಲಿ ಆಡಿಸಿ ಉಗುಳುತ್ತೇನೆ. ಆಮೇಲೆ ನೀರು ಮುಕ್ಕಳಿಸುವುದಿಲ್ಲ, ಅರ್ಧ ಗಂಟೆ ಏನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಊಟದ ನಂತರದ ಚಹಾ ತಡವಾಗುತ್ತದೆ. ನಮ್ಮ ಕಡೆ ಅದು ಸಣ್ಣ ತ್ಯಾಗವೇನಲ್ಲ.

ಮೊದಲು ಕೊಂಡಿದ್ದು ಆಲ್ಕೋಹಾಲ್ ಇರುವ ಖಾರ ಬಾಟಲಿ. ಏಪ್ರಿಲ್ ತಿಂಗಳ ರಾಯಚೂರು ನಿಮಗೆ ಗೊತ್ತೇ ಇದೆ, ನಲವತ್ತು ಡಿಗ್ರಿ ದಾಟಿದ ಮೇಲೆ ಬಾಯಿ ಮೊದಲೇ ಒಣಗಿರುತ್ತದೆ. ಅದರ ಮೇಲೆ ಇದು ಇನ್ನಷ್ಟು ಒಣಗಿಸುತ್ತಿತ್ತು. ಬಾಯಿ ಒಣಗಿದರೆ ವಾಸನೆ ಜಾಸ್ತಿಯಾಗುತ್ತದೆ, ಕಮ್ಮಿಯಲ್ಲ. ಆಲ್ಕೋಹಾಲ್ ಇಲ್ಲದ್ದಕ್ಕೆ ಬದಲಾಯಿಸಿದ್ದು ಆ ಬೇಸಿಗೆಯಲ್ಲೇ.

ಮನೆಯಲ್ಲಿ ಇನ್ನೊಂದು ಬಗೆಯದೂ ಬಂದಿತ್ತು. ಅಪ್ಪನಿಗೆ ವಸಡಿನ ತೊಂದರೆಯಾದಾಗ ದಂತ ವೈದ್ಯರು ಕ್ಲೋರ್‌ಹೆಕ್ಸಿಡಿನ್ ಎಂಬ ಕೀಟಾಣು ಕೊಲ್ಲುವ ಮೌತ್‌ವಾಶ್ ಬರೆದುಕೊಟ್ಟರು, ಎರಡು ವಾರಕ್ಕೆ ಮಾತ್ರ. ಪೇಸ್ಟ್‌ನ ನೊರೆ ಅದರ ಕೆಲಸ ಕೆಡಿಸುತ್ತದೆ, ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಹಾಕಿಕೊಳ್ಳಿ ಎಂದಿದ್ದರು. ವಸಡಿನ ರಕ್ತ ನಿಂತಿತು. ಆದರೆ ಅಪ್ಪನಿಗೆ ಸಾರು ಸಪ್ಪೆ ಅನ್ನಿಸತೊಡಗಿತು. "ಉಪ್ಪು ಹಾಕಿಯೇನವ್ವಾ?" ಅಂತ ದಿನಾ ನನ್ನ ಹೆಂಡತಿಯನ್ನು ಕೇಳುವುದು. ಚಹಾ ಬಿಡದ ಮನುಷ್ಯ, ಮುಂದಿನ ಹಲ್ಲುಗಳ ಬುಡದಲ್ಲಿ ಕಂದು ಗೆರೆ ಕೂತುಬಿಟ್ಟಿತು. ಔಷಧ ನಿಲ್ಲಿಸಿದ ಮೇಲೆ ರುಚಿ ವಾಪಸ್ ಬಂತು, ಕಲೆಯನ್ನು ವೈದ್ಯರು ಕ್ಲೀನಿಂಗ್ ಮಾಡಿ ತೆಗೆದರು. ಅದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಸಿಕ್ಕಿಬಿಡುತ್ತದೆ. ಸುಮ್ನೆ ತಂದು ತಿಂಗಳುಗಟ್ಟಲೆ ಬಳಸುವ ವಸ್ತು ಅಲ್ಲ.

ಒಂದೂವರೆ ಸ್ಟಾರ್ ಯಾಕೆ ಕಡಿಮೆ ಅಂತೀರಾ? ಒಂದು ಸ್ಟಾರ್ ಹೋಗಿದ್ದು "ದಿನವಿಡೀ ತಾಜಾ ಉಸಿರು" ಎಂಬ ಮಾತಿಗೆ. ಉಳ್ಳಾಗಡ್ಡಿ, ಬೆಳ್ಳುಳ್ಳಿಯ ವಾಸನೆ ರಕ್ತಕ್ಕೆ ಸೇರಿ ಶ್ವಾಸಕೋಶದಿಂದಲೂ ಹೊರಬರುತ್ತದೆ. ಬಾಯಿ ಎಷ್ಟು ತೊಳೆದರೂ ಸ್ವಲ್ಪ ಹೊತ್ತಿಗೆ ಮತ್ತೆ ಹಾಜರ್. ದಿನನಿತ್ಯದ ಬಾಯಿ ವಾಸನೆಗೆ ಬಹುಪಾಲು ಕಾರಣ ನಾಲಿಗೆಯ ಹಿಂಭಾಗ ಮತ್ತು ವಸಡು. ನನಗೆ ಹೆಚ್ಚು ಫರಕ್ ಕಂಡಿದ್ದು ಹತ್ತಿಪ್ಪತ್ತು ರೂಪಾಯಿಯ ನಾಲಿಗೆ ಕಡ್ಡಿಯಿಂದ.

ನಮ್ಮ ಹಮಾಲರಲ್ಲಿ ಕೆಲವರು ಗುಟ್ಕಾ ವಾಸನೆ ಮುಚ್ಚಲು ನನ್ನ ಬಾಟಲಿ ಕೇಳುತ್ತಾರೆ. ಕೊಡುತ್ತೇನೆ. ಆದರೆ ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರ ಕಳೆದರೂ ಹುಣ್ಣು ಮಾಯದಿದ್ದರೆ ಈ ನೀಲಿ ನೀರು ಏನೂ ಮಾಡುವುದಿಲ್ಲ. ದಂತ ಕಾಲೇಜುಗಳು ಊರಲ್ಲೇ ಇವೆ, ಹೋಗಿ ತೋರಿಸಿ ಎನ್ನುತ್ತೇನೆ. ಒಬ್ಬಿಬ್ಬರು ಹೋಗಿದ್ದಾರೆ.

ಉಳಿದ ಅರ್ಧ ಸ್ಟಾರ್ ಲೇಬಲ್ ಮತ್ತು ಮುಚ್ಚಳಕ್ಕೆ. ಆರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂಬುದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿದೆ, ಕನ್ನಡದಲ್ಲಂತೂ ಇಲ್ಲವೇ ಇಲ್ಲ. ನಮ್ಮ ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಮೊದಲೇ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲಿನ ಮೇಲೆ ಕಲೆ ಎದ್ದು ಕಾಣುತ್ತದೆ. ಕುಡಿಯುವ ನೀರಿಗೆ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಒಂದು ಮುಚ್ಚಳ ನುಂಗಿದರೆ ಸುಮಾರು 2.25 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ, ಮಿತಿಯ ಅಂಚಿನಲ್ಲಿರುವ ಒಂದೂವರೆ ಲೀಟರ್ ನೀರು ಕುಡಿದಷ್ಟು. ಸಣ್ಣ ಮಕ್ಕಳಿಗೆ ಉಗುಳುವುದು ಸರಿಯಾಗಿ ಬರುವುದಿಲ್ಲ, ಸಿಹಿ ಪುದೀನ ರುಚಿ ಬೇರೆ. ಮುಚ್ಚಳವೋ ಒಂದು ತಿರುವಿಗೆ ಬಿಚ್ಚಿಕೊಳ್ಳುತ್ತದೆ. ನಮ್ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಹಾಗಾಗಿ ಬಾಟಲಿ ಇರುವುದು ಅಂಗಡಿಯ ಡ್ರಾದಲ್ಲಿ, ರಸೀದಿ ಪುಸ್ತಕಗಳ ಪಕ್ಕ.